ರೀಲಿನಲ್ಲಿ ಕುದುರೆ, ಲಾಯದಲ್ಲಿ ಅವ್ವ

ಮೊದಲು ನಮ್ಮ ತಪ್ಪು ಒಪ್ಪಿಕೊಳ್ಳುತ್ತೇವೆ. ಬೇರೆಯವರಿಗೆ ಬುದ್ಧಿ ಹೇಳುವ ಮುಂಚೆ ಅದಾಗಲಿ.

ಕಳೆದ ವರ್ಷ ನಮ್ಮ ಬಳಗದ ಇಬ್ಬರು ಬೆಳಗಾವಿ ಜಿಲ್ಲೆಯ ಒಂದು ಹಳ್ಳಿಗೆ ಹೋಗಿದ್ದೆವು. ಅಲ್ಲೊಬ್ಬ ಹುಡುಗ. ಬೆಂಗಳೂರಿನಲ್ಲಿ ಕಂಪ್ಯೂಟರ್ ಕೆಲಸ, ಊರಲ್ಲಿ ಮಾರ್ವಾಡಿ ಕುದುರೆ, ಇನ್‌ಸ್ಟಾಗ್ರಾಮಿನಲ್ಲಿ ಸಾವಿರಾರು ಫಾಲೋವರ್ಸ್. ಅವನಿಗೆ ಇಪ್ಪತ್ತು ಪ್ರಶ್ನೆ ಕೇಳಿದೆವು. ನೌಕರಿ, ಕುದುರೆ, ರೀಲ್ಸ್ ಮೂರನ್ನೂ ಹೇಗೆ ನಿಭಾಯಿಸ್ತೀರಿ ಅಂದಾಗ ಅವನು ನಕ್ಕು, "ಬ್ಯಾಲೆನ್ಸ್ ಮಾಡೋದು ಕಲಿತರ ಎಲ್ಲಾ ಆಗ್ತೈತ್ರಿ" ಅಂದ. ನಾವು ಅದನ್ನೇ ದಪ್ಪ ಅಕ್ಷರದಲ್ಲಿ ಹಾಕಿದೆವು. ನೀವು ಓದಿದಿರಿ, ಮೆಚ್ಚಿದಿರಿ, ಹಂಚಿದಿರಿ.

ಹೊರಡುವಾಗ ಕುಡಿಯಲು ನೀರು ಕೇಳಿದ್ದೆವು. ಅವನ ಅವ್ವ ಲದ್ದಿ ಬುಟ್ಟಿ ಇಳಿಸಿ, ಕೈ ತೊಳೆದುಕೊಂಡು ತಂಬಿಗೆ ತಂದರು. "ಕುದುರೆ ನೋಡ್ಕೊಳ್ಳೋದು ಮಗನಾ?" ಅಂತ ನಾವು ಸುಮ್ಮನೆ ಮಾತಿಗೆ ಕೇಳಿದೆವು. ಅವರು ಹೇಳಿದ್ದು ಇಷ್ಟೇ: "ಅಂವ ಬರೂದು ಶನಿವಾರ ರಾತ್ರಿ. ಕುದರಿಗೆ ಹಸಿವಿ ದಿನಾ ಆಗತೈತಲ್ರಿ."

ಆ ಮಾತು ನಮ್ಮ ಬರಹದಲ್ಲಿ ಇರಲಿಲ್ಲ. ಅದನ್ನು ಬಿಟ್ಟದ್ದೇ ನಮ್ಮ ತಪ್ಪು. ಇವತ್ತು ಅದನ್ನು ಸರಿಮಾಡಲು ಕೂತಿದ್ದೇವೆ.

ಬ್ಯಾಲೆನ್ಸ್ ಅನ್ನುವುದು ಸುಳ್ಳು. ನೌಕರಿಯವನು ದೂರದ ಊರಲ್ಲಿದ್ದು ಹಳ್ಳಿಯಲ್ಲಿ ಕುದುರೆ ಸಾಕುತ್ತೇನೆ ಅಂದರೆ, ಅದನ್ನು ಬೇರೆ ಯಾರೋ ಸಾಕುತ್ತಿದ್ದಾರೆ ಎಂದೇ ಅರ್ಥ. ಆ ಯಾರೋ ಹೆಚ್ಚಿನ ಮನೆಗಳಲ್ಲಿ ಅವ್ವ, ಇಲ್ಲವೇ ಹೆಂಡತಿ, ಇಲ್ಲವೇ ಸಂಬಳ ಸರಿಯಾಗಿ ಸಿಗದ ಆಳು. ಅವರ ಮುಖ ರೀಲಿನಲ್ಲಿ ಬರುವುದಿಲ್ಲ.

ಲೆಕ್ಕ ಹಾಕೋಣ ಬನ್ನಿ. ನಾಲ್ಕು ಕ್ವಿಂಟಾಲ್ ತೂಗುವ ಕುದುರೆಗೆ ದಿನಕ್ಕೆ ಸುಮಾರು 8 ಕಿಲೋ ಒಣ ಮೇವು ಬೇಕು. ನೀರು 25ರಿಂದ 40 ಲೀಟರ್, ಬೇಸಿಗೆಯಲ್ಲಿ ಇನ್ನೂ ಹೆಚ್ಚು. ದಿನಕ್ಕೆ 15 ಕಿಲೋ ದಾಟುವ ಲದ್ದಿ ಎತ್ತಬೇಕು. ಗೊರಸು ದಿನಾ ಸ್ವಚ್ಛ ಮಾಡಬೇಕು. ಆರರಿಂದ ಎಂಟು ವಾರಕ್ಕೊಮ್ಮೆ ಗೊರಸು ಕತ್ತರಿಸಿ ಲಾಳ ಬದಲಿಸಬೇಕು. ಧನುರ್ವಾಯು ಕುದುರೆಗೆ ಬಹಳ ಬೇಗ ತಗಲುತ್ತದೆ, ಅದಕ್ಕೆ ಚುಚ್ಚುಮದ್ದು ತಪ್ಪಿಸುವಂತಿಲ್ಲ. ಇದು ಒಂದೆರಡು ವರ್ಷದ ಮಾತಲ್ಲ. ಚೆನ್ನಾಗಿ ಸಾಕಿದ ಕುದುರೆ 25 ವರ್ಷ ಬದುಕುತ್ತದೆ. ಅಷ್ಟರಲ್ಲಿ ನಿಮ್ಮ ಫೋನು ಎಷ್ಟು ಸಲ ಬದಲಾಗಿರುತ್ತದೋ ನೀವೇ ಎಣಿಸಿ.

"ಎತ್ತು, ಎಮ್ಮೆ ಸಾಕಿದ ಮನೆಗೆ ಕುದುರೆ ಏನು ದೊಡ್ಡದು?" ಅನ್ನುತ್ತಾರೆ ಕೆಲವರು. ದೊಡ್ಡದೇ. ಎತ್ತು ಗಬಗಬ ತಿಂದು, ಮಲಗಿ ಮೆಲುಕು ಹಾಕುತ್ತದೆ. ಕುದುರೆಗೆ ಮೆಲುಕು ಇಲ್ಲ. ಅದರ ಜಠರ ಮೈಗೆ ಹೋಲಿಸಿದರೆ ತೀರಾ ಚಿಕ್ಕದು, ಸುಮಾರು ಒಂದು ಕೊಡದಷ್ಟು. ಸ್ವಲ್ಪ ಸ್ವಲ್ಪವಾಗಿ ಇಡೀ ದಿನ ಮೇಯಲೆಂದೇ ಆದ ಪ್ರಾಣಿ ಅದು. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಹಾಕಿ ಕೈ ತೊಳೆದುಕೊಂಡರೆ ಆಗದು. ಇನ್ನೊಂದು ಮಾತು, ಕುದುರೆಗೆ ವಾಂತಿ ಮಾಡಲು ಆಗುವುದಿಲ್ಲ. ತಿಂದದ್ದು ಹೆಚ್ಚಾದರೂ ಕೆಟ್ಟದ್ದಾದರೂ ಹೊರಹಾಕುವ ದಾರಿಯಿಲ್ಲ. ಹೊಟ್ಟೆನೋವು ಬಂದು ಕುದುರೆ ನೆಲಕ್ಕೆ ಬಿದ್ದು ಹೊರಳಾಡಿದರೆ ಕೆಲವೇ ಗಂಟೆಗಳಲ್ಲಿ ಜೀವ ಹೋಗಬಹುದು. ಆ ಹೊತ್ತಿನಲ್ಲಿ ಪಕ್ಕದಲ್ಲಿ ಇರುವವರು ಯಾರು? ಆಫೀಸಿನ ಮೀಟಿಂಗಿನಲ್ಲಿ ಕೂತವನಂತೂ ಅಲ್ಲ.

ಹೋಗಲಿ, ಎಮ್ಮೆ ಹಾಲು ಕೊಡುತ್ತದೆ, ಎತ್ತು ಹೊಲ ಉಳುತ್ತದೆ. ಆ ದುಡ್ಡು ಅವ್ವನ ಕೈಗೂ ಒಂದಿಷ್ಟು ಬರುತ್ತದೆ. ಕುದುರೆ ಕೊಡುವುದು ಲೈಕು. ಅದು ಬರುವುದು ಮಗನ ಫೋನಿಗೆ.

ಕೂಲಿ ಲೆಕ್ಕವನ್ನೂ ನೋಡೋಣ. 2025-26ರಲ್ಲಿ ಕರ್ನಾಟಕದಲ್ಲಿ ನರೇಗಾ ಕೂಲಿ ದಿನಕ್ಕೆ 370 ರೂಪಾಯಿ. ಕುದುರೆ ಕೆಲಸವನ್ನು ಬರೀ ಅರ್ಧ ದಿನದ ಕೆಲಸ ಅಂತ ಹಿಡಿದರೂ 185 ರೂಪಾಯಿ. ತಿಂಗಳಿಗೆ 5,550. ವರ್ಷಕ್ಕೆ 66 ಸಾವಿರ ದಾಟಿತು. ಭಾನುವಾರ ಇಲ್ಲ, ಯುಗಾದಿ ಇಲ್ಲ, ಜ್ವರ ಬಂದರೂ ರಜೆ ಇಲ್ಲ. ನಿಮ್ಮ "ಬ್ಯಾಲೆನ್ಸ್"ನ ತಕ್ಕಡಿಯ ಇನ್ನೊಂದು ತಟ್ಟೆಯಲ್ಲಿ ಇರುವುದು ಈ ದುಡ್ಡು. ಅದನ್ನು ಯಾರೂ ಕೊಟ್ಟಿಲ್ಲ, ಯಾರೂ ಕೇಳಿಲ್ಲ.

"ಅವ್ವ ಪ್ರೀತಿಯಿಂದ ಮಾಡ್ತಾಳೆ" ಅನ್ನಬೇಡಿ. ಪ್ರೀತಿ ಇದೆ, ನಾವೇ ಕಂಡಿದ್ದೇವೆ. ಮಗನಿಗಿಂತ ಆಕೆಯ ಸಪ್ಪಳಕ್ಕೇ ಆ ಕುದುರೆ ಕಿವಿ ನಿಮಿರಿಸುತ್ತದೆ. ಆದರೆ ಪ್ರೀತಿ ಇದೆ ಅಂತ ಬಿಟ್ಟಿ ಚಾಕರಿ ಮಾಡಿಸಿಕೊಳ್ಳುವುದು ನಮ್ಮ ಮನೆಗಳ ಹಳೇ ಚಾಳಿ. ಅದಕ್ಕೆ ಈಗ ಇಂಗ್ಲಿಷ್ ಹೆಸರು ಸಿಕ್ಕಿದೆ, ಅಷ್ಟೇ.

ಇನ್ನು ಕುದುರೆಯ ಕಡೆಯಿಂದ ನೋಡಿ.

ಸೋಮವಾರದಿಂದ ಶನಿವಾರದವರೆಗೆ ಕುದುರೆ ಗೂಟಕ್ಕೆ ಕಟ್ಟಿರುತ್ತದೆ. ಅವ್ವನಿಗೆ ಸವಾರಿ ಬರುವುದಿಲ್ಲ, ಹೊರಗೆ ಓಡಾಡಿಸಲು ಅಂಜಿಕೆ. ಮಗ ಫೋನಿನಲ್ಲಿ "ಹುರುಳಿ ಜಾಸ್ತಿ ಹಾಕವ್ವ, ಮೈ ತುಂಬಲಿ" ಅನ್ನುತ್ತಾನೆ. ಅವ್ವ ಹಾಕುತ್ತಾಳೆ. ಭಾನುವಾರ ಬೆಳಿಗ್ಗೆ ಮಗ ಬಂದು, ಡಾಂಬರ್ ರಸ್ತೆಯಲ್ಲಿ ಬೈಕಿನ ಸಮಕ್ಕೆ ಓಡಿಸುತ್ತಾನೆ. ಹಿಂದೆ ಗೆಳೆಯ ಫೋನ್ ಹಿಡಿದಿರುತ್ತಾನೆ. ಒಂದು ಸಲ ಸರಿಬರಲಿಲ್ಲ ಅಂದರೆ ಇನ್ನೊಂದು ಸಲ.

ಆರು ದಿನ ನಿಂತು ಕಾಳು ತಿಂದ ಕುದುರೆಯನ್ನು ಒಮ್ಮೆಲೇ ದುಡಿಸಿದರೆ ಸ್ನಾಯು ಸೆಟೆಯುತ್ತದೆ. ಬೆವರು ಸುರಿಯುತ್ತದೆ, ಹಿಂಗಾಲು ಎತ್ತಿಡಲಾಗದು, ಮೂತ್ರ ಕಾಫಿ ಬಣ್ಣಕ್ಕೆ ತಿರುಗುತ್ತದೆ. ಹಿಂದೆ ಇಂಗ್ಲಿಷರ ನಾಡಿನಲ್ಲಿ ಗಾಡಿ ಎಳೆಯುವ ಕುದುರೆಗಳಿಗೆ ಭಾನುವಾರ ರಜೆ, ಮೇವು ಮಾತ್ರ ಪೂರ್ತಿ. ಸೋಮವಾರ ಗಾಡಿಗೆ ಕಟ್ಟಿದರೆ ಹೀಗಾಗುತ್ತಿತ್ತು. ಅದಕ್ಕೆ ಅವರು "ಸೋಮವಾರ ಬೆಳಗಿನ ಕಾಯಿಲೆ" ಅಂತಲೇ ಹೆಸರಿಟ್ಟಿದ್ದರು. ನಮ್ಮಲ್ಲಿ ವಾರಕ್ಕೊಮ್ಮೆ ಬರುವ ಸವಾರರು ಅದನ್ನು ಭಾನುವಾರಕ್ಕೆ ತಂದಿದ್ದಾರೆ.

ನಾವು ಹೇಳಿದ ಆ ಕುದುರೆಗೂ ಹೀಗೇ ಆಯಿತು. ಮಗ ಸಂಜೆಯ ಬಸ್ಸು ಹತ್ತಿದ್ದ. ಪಶುವೈದ್ಯರು ಬರುವವರೆಗೆ, ಬಂದು ಹೋದ ಮೇಲೂ, ಇಡೀ ರಾತ್ರಿ ಹಗ್ಗ ಹಿಡಿದು ನಿಂತವರು ಅವ್ವ. ಕುದುರೆ ಉಳಿಯಿತು, ಚೇತರಿಸಿಕೊಳ್ಳಲು ವಾರಗಳೇ ಹಿಡಿದವು. ಮರುದಿನ ಮಗನ ಖಾತೆಯಲ್ಲಿ ಒಂದು ಫೋಟೋ ಬಂತು: "ನನ್ನ ರಾಜ ಬೇಗ ಹುಷಾರಾಗಲಿ, ಎಲ್ಲರೂ ಪ್ರಾರ್ಥಿಸಿ." ಪ್ರಾರ್ಥನೆ ಮಾಡಿದವರು ಸಾವಿರ ಜನ. ಹಗ್ಗ ಹಿಡಿದವರ ಹೆಸರು ಎಲ್ಲೂ ಇರಲಿಲ್ಲ.

ಆ ಹುಡುಗ ಕೆಟ್ಟವನಲ್ಲ. ಅವನಿಗೂ ಒತ್ತಡವಿದೆ. ಯೂಟ್ಯೂಬಿನಲ್ಲಿ ಜಾಹೀರಾತಿನ ಪಾಲು ಸಿಗಬೇಕಾದರೆ 1,000 ಚಂದಾದಾರರು ಬೇಕು. ಜೊತೆಗೆ ಒಂದು ವರ್ಷದಲ್ಲಿ 4,000 ಗಂಟೆ ವೀಕ್ಷಣೆ, ಇಲ್ಲವೇ 90 ದಿನಗಳಲ್ಲಿ ಶಾರ್ಟ್ಸಿಗೆ ಒಂದು ಕೋಟಿ ವೀಕ್ಷಣೆ ಆಗಬೇಕು. ಮೇವು ತಿನ್ನುವ ಕುದುರೆಯನ್ನು ಯಾರು ನೋಡುತ್ತಾರೆ? ಡಿಜೆ ಸದ್ದಿಗೆ ಎರಡು ಕಾಲಲ್ಲಿ ಎದ್ದು ನಿಂತರೆ ನೋಡುತ್ತಾರೆ, ಲಾರಿ ಪಕ್ಕ ಓಡಿದರೆ ನೋಡುತ್ತಾರೆ. ನೋಡುವವರು ನಾವೂ ನೀವೂ. ಬೆಳೆಯದ ಮರಿಯ ಬೆನ್ನ ಮೇಲೆ ಇಬ್ಬರು ಕೂತ ವಿಡಿಯೋಗೆ ಬೆಂಕಿ ಚಿಹ್ನೆ ಒತ್ತಿದವರೂ ನಾವೇ.

ನಿಜವಾಗಿ ಕುದುರೆಯ ಜೊತೆ ಬದುಕು ಕಟ್ಟಿದವರನ್ನು ನೋಡಬೇಕಾದರೆ ಬೆಂಗಳೂರಿನ ಫವಾದ್ ಮಿರ್ಜಾ ಇದ್ದಾರೆ. 2018ರ ಜಕಾರ್ತಾ ಏಷ್ಯನ್ ಗೇಮ್ಸಿನಲ್ಲಿ ಎರಡು ಬೆಳ್ಳಿ ಗೆದ್ದರು. 1982ರ ನಂತರ ಕುದುರೆ ಸವಾರಿಯಲ್ಲಿ ಭಾರತಕ್ಕೆ ಬಂದ ಮೊದಲ ವೈಯಕ್ತಿಕ ಪದಕ ಅದರಲ್ಲೊಂದು. 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸಿನಲ್ಲಿ 23ನೇ ಸ್ಥಾನ ಪಡೆದರು. ಅವರ ತಂದೆ ಪಶುವೈದ್ಯರು. ಹೆಚ್ಚಿನ ತರಬೇತಿಗೆ ಜರ್ಮನಿಗೇ ಹೋಗಿ ನೆಲೆಸಿದರು. ಅವರು ಕುದುರೆಯನ್ನು ನೌಕರಿಯ ಬಿಡುವಿನಲ್ಲಿ ತುರುಕಲಿಲ್ಲ, ಅದನ್ನೇ ವೃತ್ತಿ ಮಾಡಿಕೊಂಡರು. ಅಂಥ ಸ್ಪರ್ಧೆಗಳಲ್ಲಿ ಕುದುರೆ ನೋಡಿಕೊಳ್ಳಲು ಸಂಬಳದ ಗ್ರೂಮ್ ಇರುತ್ತಾರೆ. ಸ್ಪರ್ಧೆಗೆ ಮುಂಚೆ ವೈದ್ಯರ ಎದುರು ಕುದುರೆಯನ್ನು ಓಡಿಸಿ ತೋರಿಸಬೇಕು. ಕುಂಟುವುದು ಕಂಡರೆ ಸವಾರ ಎಷ್ಟೇ ದೊಡ್ಡವನಾಗಿರಲಿ, ಮನೆಗೆ. ನಮ್ಮೂರ ರೀಲಿಗೆ ಅಂಥ ತಡೆ ಎಲ್ಲಿದೆ?

"ಬಡವರ ಮಕ್ಕಳು ಕುದುರೆ ಏರಿದರೆ ನಿಮಗೆ ಹೊಟ್ಟೆಕಿಚ್ಚು" ಅಂತ ಕಾಮೆಂಟು ಬರುತ್ತದೆ, ಗೊತ್ತು. ಆ ಮಾತನ್ನು ನಾವು ಹಗುರಾಗಿ ತಳ್ಳಿಹಾಕುವುದಿಲ್ಲ. ರಾಜಸ್ಥಾನ, ಗುಜರಾತಿನ ಕೆಲವು ಹಳ್ಳಿಗಳಲ್ಲಿ ದಲಿತ ವರ ಕುದುರೆ ಏರಿ ಮೆರವಣಿಗೆ ಹೊರಟರೆ ಇವತ್ತಿಗೂ ಪೊಲೀಸ್ ಕಾವಲು ಬೇಕಾಗುತ್ತದೆ. ಕುದುರೆಯ ಬೆನ್ನು ಬಹಳ ಕಾಲ ಗೌಡರದು, ದೇಸಾಯರದು ಆಗಿತ್ತು. ಅದರ ಮೇಲೆ ರೈತನ ಮಗ, ಕೂಲಿಯವನ ಮಗ ಕೂತರೆ ನಮಗೂ ಎದೆ ಉಬ್ಬುತ್ತದೆ. ಆದರೆ ದೇಸಾಯರು ಬಿಟ್ಟಿ ಚಾಕರಿಯವರನ್ನು ಇಟ್ಟುಕೊಂಡೇ ಕುದುರೆ ಮೇಲೆ ಮೆರೆದದ್ದು. ನಾವೂ ಹಾಗೇ ಮೆರೆದರೆ ಬದಲಾದದ್ದಾದರೂ ಏನು? ಚಾಕರಿಯವರ ಜಾಗಕ್ಕೆ ಹೆತ್ತವ್ವ ಬಂದಳು, ಅಷ್ಟೇ.

ಹಾಗಾದರೆ ನೌಕರಿಯವರು ಕುದುರೆ ಸಾಕಲೇಬಾರದೇ? ಸಾಕಿ. ನಾಲ್ಕು ಮಾತು ನಡೆಸಿಕೊಟ್ಟು ಸಾಕಿ.

ಒಂದು: ನೀವು ಇಲ್ಲದ ದಿನ ಕುದುರೆ ನೋಡುವವರಿಗೆ, ಅವ್ವನಾದರೂ ಸರಿ, ಆಳಾದರೂ ಸರಿ, ತಿಂಗಳ ಮೊದಲ ವಾರ ಸಂಬಳ ಕೊಡಿ. ಕೊಡಲು ಆಗದಿದ್ದರೆ ಕುದುರೆ ನಿಮ್ಮ ಅಳತೆಯದಲ್ಲ. ಮೂಗಿಗಿಂತ ಮೂಗುತಿ ಭಾರ ಆಗಬಾರದು.

ಎರಡು: ದಿನಾ ನಡೆದಾಡಿಸುವವರು ಇಲ್ಲದಿದ್ದರೆ ಭಾನುವಾರ ಓಡಿಸಬೇಡಿ. ನಿಂತ ದಿನಗಳಲ್ಲಿ ಕಾಳು ಕಡಿಮೆ ಮಾಡಿ, ಹುಲ್ಲು ಹೆಚ್ಚು ಮಾಡಿ.

ಮೂರು: ಜಾತ್ರೆಯಿಂದಲೋ ದಲ್ಲಾಳಿಯಿಂದಲೋ ಕುದುರೆ ತರುವಾಗ ಗ್ಲಾಂಡರ್ಸ್ ರೋಗದ ರಕ್ತಪರೀಕ್ಷೆ ಆಗಿದೆಯೇ ಅಂತ ಪಶುವೈದ್ಯರಲ್ಲಿ ಕೇಳಿ. ಆ ರೋಗ ಮನುಷ್ಯರಿಗೂ ಅಂಟುತ್ತದೆ. ಅದು ಮೊದಲು ಅಂಟುವುದು ವಾರಕ್ಕೊಮ್ಮೆ ಬರುವವನಿಗಲ್ಲ, ದಿನಾ ಅದರ ಮೂಗು ಒರೆಸುವವರಿಗೆ.

ನಾಲ್ಕು: ರೀಲು ಮಾಡುವಾಗ ಫೋನನ್ನು ಒಮ್ಮೆ ಲಾಯದ ಕಡೆ ತಿರುಗಿಸಿ. ಲದ್ದಿ ಎತ್ತುವ ಕೈ ತೋರಿಸಿ, ಹೆಸರು ಹೇಳಿ. ಫಾಲೋವರ್ಸ್ ಕಡಿಮೆಯಾದರೆ ಆಗಲಿ.

ಓದುಗರಾದ ನಿಮಗೂ ಒಂದು ಕೆಲಸವಿದೆ. ಮುಂದಿನ ಸಲ ಅಂಥ ವಿಡಿಯೋ ಬಂದರೆ ಬೆಂಕಿ ಚಿಹ್ನೆ ಒತ್ತುವ ಮೊದಲು ಕೆಳಗೆ ಒಂದು ಪ್ರಶ್ನೆ ಬರೆಯಿರಿ: "ಇವತ್ತು ಮಧ್ಯಾಹ್ನ ಇದಕ್ಕೆ ನೀರು ಕುಡಿಸಿದವರು ಯಾರಣ್ಣ?"

ನಾವೂ ಒಂದು ಮಾತು ಕೊಡುತ್ತೇವೆ. ಇನ್ನು ಮುಂದೆ ಕುದುರೆ ಸಾಕಿದವರ ಮನೆಗೆ ಹೋದರೆ ಮೊದಲ ಪ್ರಶ್ನೆ ಸವಾರನಿಗಲ್ಲ, ಲಾಯದಲ್ಲಿ ಇರುವವರಿಗೆ. ಅವರು ಬುಟ್ಟಿ ಇಳಿಸಿ ಬರುವವರೆಗೂ ಕಾಯುತ್ತೇವೆ.