ಮೂಗಿಗಿಂತ ಮೂಗುತಿ ಭಾರ



ಕಳೆದ ಭಾನುವಾರ ಬೆಳಗ್ಗೆ ಹಳೆಯ ವಿದ್ಯಾರ್ಥಿಯೊಬ್ಬನ ಕರೆ ಬಂತು. ಹತ್ತನೆಯ ತರಗತಿಯಲ್ಲಿದ್ದಾಗ ಪೀನ ಮಸೂರದಿಂದ ಬಿಸಿಲನ್ನು ಒಂದುಗೂಡಿಸಿ, ಪಕ್ಕದವನ ನೋಟ್‌ಪುಸ್ತಕದ ರಟ್ಟಿಗೆ ತೂತು ಮಾಡಿದ್ದ ಮಹಾನುಭಾವನೀತ. ಈಗ ಬೆಂಗಳೂರಿನಲ್ಲಿ ಒಳ್ಳೆಯ ನೌಕರಿಯಲ್ಲಿದ್ದಾನೆ.

“ಸಾರ್, ಫುಲ್ ಫ್ರೇಮ್ ಕ್ಯಾಮೆರಾ ತಗೊಂಡೆ. ಐವತ್ತರ ಲೆನ್ಸ್ ಒಂದು ಬೇಕು. ಎಫ್/1.2 ತಗೊಳ್ಳೋಣ ಅಂತಿದೀನಿ, ಕಂತಿನಲ್ಲಿ ಕೊಡ್ತಾರೆ. ನೀವೇನಂತೀರಿ?” ಎಂದ.

“ಯಾತಕ್ಕಪ್ಪಾ ಅಷ್ಟು ದೊಡ್ಡದು?” ಎಂದೆ.

“ಅಜ್ಜಿಗೆ ತೊಂಬತ್ತಾಯ್ತು ಸಾರ್. ಊರಿಗೆ ಹೋಗಿ ಒಂದಷ್ಟು ಒಳ್ಳೇ ಫೋಟೋ ತೆಗೀಬೇಕು. ಹಿಂದೆ ಇರೋದೆಲ್ಲಾ ಬೆಣ್ಣೆ ಕರಗಿದ ಹಾಗೆ ಮಾಯವಾಗ್ಬೇಕು!”

ಅವನ ಆ ಕಡೆಯ ಮಾತು ನನ್ನನ್ನು ಕೆಣಕಿತು. ಫೋನಿನಲ್ಲಿ ಹೇಳಿ ಮುಗಿಸಲಾರದ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ. ಇದು ಅವನೊಬ್ಬನಿಗಲ್ಲ, ಸಾಲ ಮಾಡಿ ಗಾಜು ಕೊಳ್ಳಲು ಹೊರಟಿರುವ ನನ್ನ ಎಲ್ಲ ಶಿಷ್ಯರಿಗೂ, ಅಣ್ಣತಮ್ಮಂದಿರ ಮಕ್ಕಳಿಗೂ. ನನ್ನ ವಾದ ಇಷ್ಟೇ: ಐವತ್ತರ ಮಸೂರ ಖಂಡಿತ ಬೇಕು, ಆದರೆ ನಮ್ಮಂಥವರಿಗೆ ಎಫ್/1.8 ಸಾಕು. ಅದಕ್ಕಿಂತ ಹಿರಿದು ಮೂಗಿಗಿಂತ ಭಾರವಾದ ಮೂಗುತಿ.

ಮೊದಲು ಸ್ವಲ್ಪ ಪಾಠ. (ನಿವೃತ್ತನಾದರೂ ಚಾಳಿ ಬಿಟ್ಟಿಲ್ಲ, ಕ್ಷಮಿಸಿ.) ಫುಲ್ ಫ್ರೇಮ್ ಎಂದರೆ ಕ್ಯಾಮೆರಾದೊಳಗಿನ ಸಂವೇದಕ 36 ಮಿ.ಮೀ. ಅಗಲ, 24 ಮಿ.ಮೀ. ಎತ್ತರ. ಪೈಥಾಗೊರಸ್ ಪ್ರಮೇಯ ಹಾಕಿ ನೋಡಿದರೆ ಇದರ ಕರ್ಣ ಸುಮಾರು 43 ಮಿ.ಮೀ. ಸಂಗಮದೂರವು ಈ ಕರ್ಣಕ್ಕೆ ಹತ್ತಿರವಾಗಿದ್ದರೆ ಚಿತ್ರ ಹಿಗ್ಗಿದಂತೆಯೂ ಕಾಣದು, ಕುಗ್ಗಿದಂತೆಯೂ ಕಾಣದು. ಜರ್ಮನಿಯ ಆಸ್ಕರ್ ಬರ್ನಾಕ್ ರೂಪಿಸಿದ ಲೈಕಾ ಕ್ಯಾಮೆರಾ 1925ರಲ್ಲಿ ಮಾರುಕಟ್ಟೆಗೆ ಬಂದಾಗ ಅದರಲ್ಲಿದ್ದದ್ದು 50 ಮಿ.ಮೀ. ಮಸೂರ. ಅಂದಿನಿಂದ ಐವತ್ತೇ ವಾಡಿಕೆಯಾಯಿತು. ಆ ಮೊದಲ ಮಸೂರದ ದ್ಯುತಿರಂಧ್ರ ಎಷ್ಟಿತ್ತು ಗೊತ್ತೇ? ಎಫ್/3.5, ಅಷ್ಟೇ!

ಎಫ್ ಸಂಖ್ಯೆ ಎಂದರೆ ಸಂಗಮದೂರವನ್ನು ರಂಧ್ರದ ವ್ಯಾಸದಿಂದ ಭಾಗಿಸಿದಾಗ ಬರುವ ಲಬ್ಧ. ಐವತ್ತರ ಮಸೂರದಲ್ಲಿ ಎಫ್/1.8 ಎಂದರೆ ಸುಮಾರು 28 ಮಿ.ಮೀ. ರಂಧ್ರ, ಎಫ್/1.2 ಎಂದರೆ ಸುಮಾರು 42 ಮಿ.ಮೀ. ವಿಸ್ತೀರ್ಣ ಲೆಕ್ಕ ಹಾಕಿದರೆ ಎರಡನೆಯದು ಒಳಬಿಡುವ ಬೆಳಕು ಮೊದಲನೆಯದರ ಎರಡೂಕಾಲು ಪಟ್ಟು. ಕೇಳಲು ದೊಡ್ಡದೇ. ಆದರೆ ಈ ಎರಡೂಕಾಲು ಪಟ್ಟಿಗೆ ತೆರಬೇಕಾದ ಬೆಲೆ ನೋಡಿ. ಕ್ಯಾನನ್‌ನವರ ಆರ್‌ಎಫ್ ಸಾಲಿನ ಎಫ್/1.8 ತೂಗುವುದು 160 ಗ್ರಾಂ. ಅದೇ ಸಾಲಿನ ಎಫ್/1.2 ತೂಗುವುದು 950 ಗ್ರಾಂ. ನಿಕಾನ್‌ನವರ ಝಡ್ ಸಾಲಿನಲ್ಲಿ 415 ಗ್ರಾಂ ಎದುರಿಗೆ 1090 ಗ್ರಾಂ, ಅಂದರೆ ಒಂದು ಕಿಲೋಗೂ ಮೇಲೆ! ಕ್ಯಾನನ್ ಜೋಡಿಯಲ್ಲಿ ಹಣದ ವ್ಯತ್ಯಾಸ ಹತ್ತು ಪಟ್ಟಿಗೂ ಹೆಚ್ಚು. ಎರಡೂಕಾಲು ಪಟ್ಟು ಬೆಳಕಿಗೆ ಹತ್ತು ಪಟ್ಟು ಹಣ! ಇದು ಯಾವ ಅಂಗಡಿಯ ತಕ್ಕಡಿ?

“ಕತ್ತಲಲ್ಲಿ ಬೇಕಾಗುತ್ತಲ್ಲ ಸಾರ್” ಎನ್ನುತ್ತೀರಿ. ನಿಜ, ಒಂದು ಕಾಲದಲ್ಲಿ ಬೇಕಾಗಿತ್ತು. ನಮ್ಮ ಯೌವನದಲ್ಲಿ ನೂರು ಎಎಸ್‌ಎ ಫಿಲ್ಮು ಹಾಕಿದರೆ ಮೂವತ್ತಾರು ಚಿತ್ರ ಮುಗಿಯುವ ತನಕ ಆ ನೂರೇ ಗತಿ. ಆಗ ಬೆಳಕಿನ ಒಂದೊಂದು ಹನಿಗೂ ಬೆಲೆಯಿತ್ತು. ಸ್ಟ್ಯಾನ್ಲಿ ಕ್ಯೂಬ್ರಿಕ್ 1975ರ ‘ಬ್ಯಾರಿ ಲಿಂಡನ್’ ಚಿತ್ರದಲ್ಲಿ ಮೇಣದ ಬತ್ತಿಯ ಬೆಳಕಿನಲ್ಲೇ ದೃಶ್ಯಗಳನ್ನು ತೆಗೆಯಲು, ನಾಸಾಕ್ಕಾಗಿ ಝೈಸ್ ಕಂಪನಿ ತಯಾರಿಸಿದ್ದ ಎಫ್/0.7ರ ಐವತ್ತರ ಮಸೂರವನ್ನು ಹುಡುಕಿ ತಂದ. ಅವನಿಗೆ ಬೇರೆ ದಾರಿ ಇರಲಿಲ್ಲ. ನಿಮಗಿದೆ! ಇಂದಿನ ಫುಲ್ ಫ್ರೇಮ್ ಕ್ಯಾಮೆರಾದಲ್ಲಿ ಐಎಸ್‌ಒ 6400ಕ್ಕೆ ಏರಿಸಿದರೂ ಚೆನ್ನಾದ ಚಿತ್ರ ಬರುತ್ತದೆ. ನೂರರ ಫಿಲ್ಮಿಗೆ ಹೋಲಿಸಿದರೆ ಇದು ಅರವತ್ತನಾಲ್ಕು ಪಟ್ಟು. ಈ ಅರವತ್ತನಾಲ್ಕನ್ನು ಕ್ಯಾಮೆರಾದಲ್ಲಿ ಕೊಂಡುಕೊಂಡವನು ಮತ್ತೆ ಎರಡೂಕಾಲಕ್ಕಾಗಿ ಸಾಲ ಮಾಡುವುದು, ಕೆರೆಯ ದಂಡೆಯ ಮೇಲೆ ಮನೆ ಕಟ್ಟಿ ಕೊಡ ನೀರಿಗೆ ಹಣ ಕೊಟ್ಟಂತೆ.

ಹಾಗಾದರೆ ನಿಜವಾದ ಆಕರ್ಷಣೆ ಬೆಳಕಲ್ಲ, ಮಬ್ಬು. ಹಿನ್ನೆಲೆಯನ್ನು ಅಳಿಸಿಹಾಕುವ ಚಪಲ. ನನ್ನ ತಕರಾರು ಇರುವುದು ಇಲ್ಲಿಯೇ. ಈ ಚಪಲಕ್ಕೆ ನಾನೂ ಬಲಿಯಾದವನು.

2016ರಲ್ಲಿ ನಾನು ನಿವೃತ್ತನಾದಾಗ ಮಗ ಕ್ಯಾಮೆರಾ ಕೊಡಿಸಿದ. ಪರಿಚಿತರೊಬ್ಬರಿಂದ ಎಫ್/1.2 ಮಸೂರವನ್ನು ಎರಡು ದಿನಕ್ಕೆ ಎರವಲು ತಂದು ಊರಿಗೆ ಹೋದೆ. ಅಡುಗೆಮನೆಯಲ್ಲಿ ಒಲೆಯ ಮುಂದೆ ಕುಳಿತ ಅಮ್ಮನನ್ನು ಒಂದು ಮೀಟರ್ ದೂರದಿಂದ, ರಂಧ್ರವನ್ನು ಪೂರ್ತಿ ತೆರೆದು ತೆಗೆದೆ. ಆ ದೂರದಲ್ಲಿ ಎಫ್/1.2ಕ್ಕೆ ಸ್ಫುಟವಾಗಿ ಕಾಣುವ ಆಳ ಮೂರು ಸೆಂಟಿಮೀಟರೂ ಇಲ್ಲ! ಎಡಗಣ್ಣು ಅದ್ಭುತವಾಗಿ ಬಂದಿತ್ತು, ರೆಪ್ಪೆಯ ಕೂದಲು ಎಣಿಸಬಹುದಿತ್ತು. ಕಿವಿಯ ಓಲೆ ಮಂಜಾಗಿತ್ತು. ಹಿಂದಿದ್ದದ್ದೆಲ್ಲ ಬೆಣ್ಣೆ. ನಾನು ಹೆಮ್ಮೆಯಿಂದ ತೋರಿಸಿದೆ. ಅಮ್ಮ ಕನ್ನಡಕ ಹಾಕಿಕೊಂಡು ನೋಡಿ, “ಮುಖವೇನೋ ಚೆನ್ನಾಗಿ ಬಂದಿದೆ ಕಣೋ. ನನ್ನ ಒಲೆ ಎಲ್ಲಿ?” ಎಂದಳು. ನಾನು ನಕ್ಕೆ.

2018ರಲ್ಲಿ ಅಮ್ಮ ಹೋದಳು. ಮರುವರ್ಷ ಹಿಸ್ಸೆಯಾಗಿ ಮನೆ ಕೈಬಿಟ್ಟಿತು; ಕೊಂಡವರು ಕೆಡವಿದರು. ಆಮೇಲೆ ಒಂದು ಸಂಜೆ ಆ ಚಿತ್ರವನ್ನು ದೊಡ್ಡದು ಮಾಡಿ ನೋಡುತ್ತ ಕುಳಿತೆ. ಅಮ್ಮನ ಹಿಂದಿನ ಗೋಡೆಯ ಮೇಲೆ ಅವಳು ಇದ್ದಿಲಿನಲ್ಲಿ ಹಾಲಿನ ಲೆಕ್ಕ ಬರೆಯುತ್ತಿದ್ದಳು. ಮೂರನೆಯ ತರಗತಿಗೇ ಶಾಲೆ ಬಿಟ್ಟವಳು. ಕಾಗದ ಬರೆದವಳಲ್ಲ, ಸಹಿಗಿಂತ ಹೆಚ್ಚು ಅಕ್ಷರ ಎಲ್ಲೂ ಉಳಿಸಿದವಳಲ್ಲ. ಅವಳ ಕೈಬರಹವಿದ್ದದ್ದು ಆ ಗೋಡೆಯ ಮೇಲೊಂದೇ. ಚಿತ್ರದಲ್ಲಿ ಅದು ಒಂದು ಬೂದುಬಣ್ಣದ ಕಲೆ. ಎಷ್ಟು ದೊಡ್ಡದು ಮಾಡಿದರೂ ಕಲೆ ದೊಡ್ಡದಾಗುತ್ತದೆಯೇ ಹೊರತು ಅಕ್ಷರವಾಗುವುದಿಲ್ಲ. ಆ ಮಬ್ಬಿಗಾಗಿಯೇ ಅಲ್ಲವೇ ಜನ ಅಷ್ಟು ಹಣ ಕೊಡುವುದು!

ಇದರ ಪಕ್ಕದಲ್ಲಿ ಇನ್ನೊಂದು ಚಿತ್ರವಿದೆ. 1978ರಲ್ಲಿ ಗೆಳೆಯನೊಬ್ಬ ತನ್ನ ಸಾಧಾರಣ ಐವತ್ತರ ಮಸೂರದಲ್ಲಿ, ರಂಧ್ರವನ್ನು ಕಿರಿದು ಮಾಡಿ, ಜಗಲಿಯ ಮೇಲೆ ಕುಳಿತ ಅಪ್ಪನನ್ನು ತೆಗೆದದ್ದು. ಅಪ್ಪನ ಮುಖವೂ ಇದೆ. ಗೂಟಕ್ಕೆ ನೇತುಹಾಕಿದ ಕೊಡೆ, ಗೋಡೆಯ ಕ್ಯಾಲೆಂಡರು, ಬಾಗಿಲ ಸಂದಿಯಿಂದ ಇಣುಕುತ್ತಿರುವ ತಂಗಿಯ ಲಂಗದ ಅಂಚು ಎಲ್ಲವೂ ಇವೆ. ಮೊಮ್ಮಕ್ಕಳು ಕೇಳುವುದು ಈ ಚಿತ್ರದ ಬಗ್ಗೆ. ಅಮ್ಮನ ಚಿತ್ರ ನೋಡಿ “ಚೆನ್ನಾಗಿದೆ” ಎನ್ನುತ್ತಾರೆ. ಕೇಳಲು ಅದರಲ್ಲಿ ಏನೂ ಇಲ್ಲ.

ನಮ್ಮ ಮೈಸೂರಿನ ಟಿ.ಎಸ್. ಸತ್ಯನ್ (1923–2009) ಅವರ ಚಿತ್ರಗಳನ್ನು ನೆನಪಿಸಿಕೊಳ್ಳಿ. ಸಾಮಾನ್ಯ ಜನರನ್ನು, ಮಕ್ಕಳನ್ನು ಅವರವರ ಬೀದಿಯಲ್ಲಿ, ಅವರವರ ಕೆಲಸದ ನಡುವೆಯೇ ಕಂಡವರು ಅವರು. ಬೀದಿಯನ್ನು ಅಳಿಸಿಬಿಟ್ಟರೆ ಆ ಮಗು ಯಾವ ಊರಿನದು, ಯಾವ ಕಾಲದ್ದು? ಫ್ರಾನ್ಸಿನ ಕಾರ್ಟಿಯೇ ಬ್ರೆಸಾನ್ ಬಹುಪಾಲು ಜೀವನವನ್ನು ಐವತ್ತರ ಮಸೂರದಲ್ಲೇ ಕಳೆದರು. ಅವರ ಹೆಸರು ಉಳಿದದ್ದು ಮಬ್ಬಿನಿಂದಲ್ಲ.

“ಎಫ್/1.2 ಕೊಂಡು ಬೇಕಾದಾಗ 8ಕ್ಕೆ ಇಳಿಸಬಹುದಲ್ಲ?” ಎಂಬ ಜಾಣ ಪ್ರಶ್ನೆ ಬಂದೇ ಬರುತ್ತದೆ. ಇಳಿಸಬಹುದು. ಆದರೆ ಇಳಿಸುವವರು ಯಾರು? ಎಂಟಕ್ಕೇ ಇಳಿಸುವುದಾದರೆ ಕೊಟ್ಟ ಹಣ ದಂಡವೆಂದು ಮನಸ್ಸು ಚುಚ್ಚುತ್ತದೆ. ಕೈ ತಾನಾಗಿ ತಿರುಗಿ 1.2ಕ್ಕೇ ಹೋಗುತ್ತದೆ. ನನ್ನ ಕೈ ಹೋಗಿತ್ತು. ಇನ್ನು ಕಿಲೋ ತೂಕದ ಮಸೂರ ಮೊದಲ ತಿಂಗಳು ಕೊರಳಲ್ಲಿರುತ್ತದೆ, ಎರಡನೆಯ ತಿಂಗಳು ಚೀಲದಲ್ಲಿ, ಮೂರನೆಯ ತಿಂಗಳಿನಿಂದ ಬೀರುವಿನಲ್ಲಿ. ಬೀರುವಿನಲ್ಲಿರುವ ಮಸೂರ ಚಿತ್ರ ತೆಗೆಯುವುದಿಲ್ಲ.

ನ್ಯಾಯವಾಗಿ ಒಂದು ಮಾತು ಹೇಳಲೇಬೇಕು. ಛಾಯಾಗ್ರಹಣವೇ ಹೊಟ್ಟೆಪಾಡಾದವರ ಲೆಕ್ಕ ಬೇರೆ. ಫ್ಲಾಶ್ ಕೂಡದ ಗುಡಿಯಲ್ಲಿ, ದೀಪದ ಬೆಳಕಿನಲ್ಲಿ, ಕುಣಿಯುವ ಪಾದಗಳನ್ನು ಹಿಡಿಯಬೇಕಾದವರಿಗೆ ಆ ಎರಡೂಕಾಲು ಪಟ್ಟೂ ಅನ್ನವೇ. ಅಗ್ಗದ ಎಫ್/1.8 ಮಸೂರ ಪೂರ್ತಿ ತೆರೆದಾಗ ಮೂಲೆಗಳಲ್ಲಿ ಸ್ವಲ್ಪ ಮೆದುವಾಗಿರುವುದೂ ಸುಳ್ಳಲ್ಲ. 4 ಅಥವಾ 5.6ಕ್ಕೆ ಇಳಿಸಿದರೆ ಆ ದೋಷ ಬಹುಮಟ್ಟಿಗೆ ಕಳೆಯುತ್ತದೆ. ಹೇಗಿದ್ದರೂ ನಾನು ಹೇಳುತ್ತಿರುವುದು ಇಳಿಸಿ ಎಂದೇ.

ಆದ್ದರಿಂದ ಶಿಷ್ಯೋತ್ತಮಾ, ಎಫ್/1.8 ಕೊಳ್ಳು. ಉಳಿದ ಹಣದಲ್ಲಿ ಊರಿಗೆ ನಾಲ್ಕು ಬಾರಿ ಹೆಚ್ಚು ಹೋಗಿ ಬಾ. ಅಜ್ಜಿಯ ಮುಖಕ್ಕೆ ಮಸೂರ ತಗುಲಿಸಬೇಡ. ಮೂರು ಮೀಟರ್ ಹಿಂದೆ ಸರಿದು ನಿಲ್ಲು, ಎಫ್/5.6 ಇಡು, ಬೆಳಕು ಸಾಲದಿದ್ದರೆ ಐಎಸ್‌ಒ ಏರಿಸು. ಆಗ ಸುಮಾರು ಒಂದೂಕಾಲು ಮೀಟರ್ ಆಳ ಸ್ಫುಟವಾಗಿ ಸಿಗುತ್ತದೆ. ಅಷ್ಟರಲ್ಲಿ ಅಜ್ಜಿಯೂ ಹಿಡಿಯುತ್ತಾಳೆ, ಅವಳ ಒಲೆಯೂ ಹಿಡಿಯುತ್ತದೆ. ಆಸೆ ತಡೆಯದಿದ್ದರೆ ಒಂದು ಚಿತ್ರ ಪೂರ್ತಿ ತೆರೆದು ತೆಗೆ, ಬೇಡವೆನ್ನಲಾರೆ. ಆದರೆ ತೆಗೆಯುವ ಮೊದಲು ಅಜ್ಜಿಯ ಹಿಂದಿನ ಗೋಡೆಯನ್ನೊಮ್ಮೆ ನೋಡು. ಅದರ ಮೇಲೆ ಏನು ಬರೆದಿದೆಯೋ, ಯಾರಿಗೆ ಗೊತ್ತು?

ಭಿನ್ನಾಭಿಪ್ರಾಯವಿದ್ದವರು ಧಾರಾಳವಾಗಿ ಜಗಳಕ್ಕೆ ಬನ್ನಿ. ಈಗ ನನ್ನ ಕೈಯಲ್ಲಿ ಬೆತ್ತವಿಲ್ಲ!

ನಿಮ್ಮ ಪ್ರೀತಿಯ ಮೇಷ್ಟ್ರು