ಟೂ ಸ್ಟ್ರೋಕ್ ಎಂಜಿನ್ನಿನ ಸವೆತ: ಅಳೆದು ತೀರ್ಮಾನಿಸತಕ್ಕದ್ದು

ಅಡಿಕೆಯ ಕೊಳೆರೋಗದ ವಿಷಯವಾಗಿ ಡಾಕ್ಟರ್ ಲೆಸ್ಲಿ ಕೋಲ್ಮನ್ ಅವರು ಮೈಸೂರು ಸಂಸ್ಥಾನದಲ್ಲಿ ನಡೆಸಿದ ಸಂಶೋಧನೆಯು 1910ರಲ್ಲಿ ಪ್ರಕಟವಾಯಿತು. ಆ ರೋಗಕ್ಕೆ ಶೇಕಡಾ 1ರ ಬೋರ್ಡೋ ದ್ರಾವಣವೇ ಇಂದಿಗೂ ಮುಖ್ಯವಾದ ರಕ್ಷಣೆ. ಮುಂಗಾರಿನ ಆರಂಭಕ್ಕೆ ಒಮ್ಮೆ, ಅಲ್ಲಿಂದ 40-45 ದಿನಗಳಿಗೆ ಇನ್ನೊಮ್ಮೆ ಇದನ್ನು ಸಿಂಪಡಿಸಬೇಕು. ದ್ರಾವಣವು ಬದಲಾಗಲಿಲ್ಲ; ಸಿಂಪಡಿಸುವ ಸಾಧನವು ಬದಲಾಯಿತು. ಈಗ ಅನೇಕ ತೋಟಗಳಲ್ಲಿ ಸಣ್ಣ ಪೆಟ್ರೋಲ್ ಎಂಜಿನ್ನುಗಳು ಕೆಲಸ ಮಾಡುತ್ತಿವೆ. ಮಳೆ ಹೊಳವಾದ ಎರಡು ದಿನಗಳಲ್ಲಿ ಎಂಜಿನ್ನು ಕೈಕೊಟ್ಟರೆ ನಷ್ಟವು ರಿಪೇರಿಯ ಹಣಕ್ಕೆ ನಿಲ್ಲದೆ, ಆ ವರ್ಷದ ಫಸಲಿಗೇ ತಗಲುವುದು.

ಹೀಗಿರುವಲ್ಲಿ, "ಪಿಸ್ಟನ್ ಹೋಗಿದೆ, ಸಿಲಿಂಡರ್ ಸಮೇತ ಬದಲಾಯಿಸಬೇಕು" ಎಂಬ ಒಂದೇ ಮಾತನ್ನು ನಂಬಿ ಹಣವನ್ನು ತೆರುವ ಪದ್ಧತಿಯು ಸರಿಯಲ್ಲವೆಂದು ನನ್ನ ಅಭಿಪ್ರಾಯ. ನಾನೂ ಹಾಗೆ ಮಾಡಿ ಕೆಟ್ಟವನೇ. ಹೊಸ ಜೋಡಿಯನ್ನು ಹಾಕಿಸಿದ ಎಂಜಿನ್ನು ಕೆಲವೇ ದಿನಗಳಲ್ಲಿ ಮತ್ತೆ ಕಚ್ಚಿಕೊಂಡಿತು. ಕ್ರ್ಯಾಂಕಿನ ಪಕ್ಕದ ಆಯಿಲ್ ಸೀಲು ಹರಿದು ಗಾಳಿಯನ್ನು ಎಳೆಯುತ್ತಿದ್ದುದು ಅನಂತರ ತಿಳಿಯಿತು. ರೋಗವನ್ನು ಬಿಟ್ಟು ರೋಗಿಯನ್ನು ಬದಲಾಯಿಸಿದಂತಾಯಿತು.

ಈ ಬಗೆಯ ಎಂಜಿನ್ನಿನಲ್ಲಿ ಪೆಟ್ರೋಲಿನೊಡನೆ ಬೆರೆಸಿದ ಎಣ್ಣೆಯೇ ಪಿಸ್ಟನ್ನಿಗೂ ಸಿಲಿಂಡರಿಗೂ ಇರುವ ಏಕಮಾತ್ರ ಜಾರುಗೊಬ್ಬು. ತಯಾರಕರು 40ಕ್ಕೆ 1 ಎಂದಿದ್ದರೆ ಲೀಟರಿಗೆ 25 ಮಿಲಿಲೀಟರ್, 50ಕ್ಕೆ 1 ಎಂದಿದ್ದರೆ 20 ಮಿಲಿಲೀಟರ್ ಎಣ್ಣೆ ಬೀಳಬೇಕು. ಕಣ್ಣಂದಾಜಿನಿಂದ ಸುರಿದರೆ ಸವೆತಕ್ಕೆ ಅಲ್ಲಿಯೇ ನಾಂದಿ.

ಪರೀಕ್ಷೆಯ ಮೊದಲನೆಯ ಹಂತವು ಒತ್ತಡವನ್ನು ಅಳೆಯುವುದು. ಎಂಜಿನ್ನು ಬಿಸಿಯಾಗಿರುವಾಗ ಸ್ವಿಚ್ಚನ್ನು ಆರಿಸಿ, ಪ್ಲಗ್ಗನ್ನು ಬಿಚ್ಚಿ, ಆ ಸ್ಥಾನದಲ್ಲಿ ಕಂಪ್ರೆಷನ್ ಗೇಜನ್ನು ತಿರುಗಿಸಿ ಕೂರಿಸಬೇಕು. ಥ್ರಾಟಲನ್ನೂ ಚೋಕನ್ನೂ ಪೂರ್ತಿಯಾಗಿ ತೆರೆದು, ಮುಳ್ಳು ಮೇಲೇರುವುದು ನಿಲ್ಲುವವರೆಗೆ ಹಗ್ಗವನ್ನು ಎಳೆಯಬೇಕು. ಸುಸ್ಥಿತಿಯ ಸಣ್ಣ ಎಂಜಿನ್ನುಗಳಲ್ಲಿ ಬಹುಮಟ್ಟಿಗೆ ಚದರ ಅಂಗುಲಕ್ಕೆ 120ರಿಂದ 150 ಪೌಂಡು ಕಾಣುವುದು. 90ಕ್ಕಿಂತ ಇಳಿದರೆ ಚಾಲೂ ಆಗುವುದೇ ಕಷ್ಟ. ಸಂಖ್ಯೆ ಕಡಮೆಯಿದ್ದಲ್ಲಿ ಪ್ಲಗ್ಗಿನ ರಂಧ್ರದಿಂದ ಕೆಲವು ಹನಿ ಎಣ್ಣೆಯನ್ನು ಬಿಟ್ಟು ಮರಳಿ ಅಳೆಯಬೇಕು. ಆಗ ಮುಳ್ಳು ಚೆನ್ನಾಗಿ ಏರಿದರೆ ಸೋರಿಕೆಯು ರಿಂಗು ಮತ್ತು ಸಿಲಿಂಡರುಗಳ ನಡುವೆ ಇದೆಯೆಂದು ತಿಳಿಯತಕ್ಕದ್ದು.

ಎರಡನೆಯದು ಕಣ್ಣಿನ ಪರೀಕ್ಷೆ. ಸೈಲೆನ್ಸರನ್ನು ಕಳಚಿದರೆ ಹೊಗೆ ಹೊರಡುವ ಕಿಂಡಿಯಿಂದ ಪಿಸ್ಟನ್ನಿನ ಪಾರ್ಶ್ವವು ಕಾಣುವುದು. ಕಾರ್ಖಾನೆಯಲ್ಲಿ ಕಡೆದ ಸಣ್ಣ ಗೆರೆಗಳು ಉಳಿದಿದ್ದರೆ ಒಳ್ಳೆಯದು. ಹೊಗೆಯ ಕಡೆಯಲ್ಲಿ ಮಾತ್ರ ಉದ್ದುದ್ದ ಗೀರುಗಳಿದ್ದರೆ ಅತಿಯಾದ ಶಾಖ ಅಥವಾ ಪೆಟ್ರೋಲಿಗೆ ಮೀರಿದ ಗಾಳಿ. ಸುತ್ತಲೂ ಗೀರುಗಳಿದ್ದರೆ ಎಣ್ಣೆಯ ಅಭಾವ. ಸಿಲಿಂಡರನ್ನು ಎತ್ತಿದಾಗ ಗಾಳಿ ಬರುವ ಕಡೆಯಲ್ಲಿ ಬೂದುಬಣ್ಣದ ಮಂಕಾದ ಸವೆತ ಕಂಡರೆ ಏರ್ ಫಿಲ್ಟರನ್ನು ದಾಟಿ ಬಂದ ಧೂಳೇ ಅಪರಾಧಿ. ಕಾರಣವನ್ನು ಹೇಳುವ ಈ ಗುರುತುಗಳನ್ನು ನೋಡದೆ ಹಳೆಯ ಪಿಸ್ಟನ್ನನ್ನು ಗುಜರಿಗೆ ಎಸೆಯುವುದು ಸಾಕ್ಷಿಯನ್ನು ನಾಶಮಾಡಿದಂತೆ.

ಮೂರನೆಯದು ರಿಂಗಿನ ಅಳತೆ; ನನ್ನ ದೃಷ್ಟಿಯಲ್ಲಿ ಇದೇ ಮುಖ್ಯ. ರಿಂಗನ್ನು ಪಿಸ್ಟನ್ನಿನಿಂದ ತೆಗೆದು ಸಿಲಿಂಡರಿನೊಳಗೆ ಇಟ್ಟು, ಪಿಸ್ಟನ್ನಿನ ತಲೆಯಿಂದಲೇ ನೂಕಿ ನೆಟ್ಟಗೆ ಕೂರಿಸಬೇಕು. ಅದರ ಎರಡು ತುದಿಗಳ ನಡುವಣ ಸಂದನ್ನು ಫೀಲರ್ ಗೇಜಿನ ತೆಳು ತಗಡುಗಳಿಂದ ಅಳೆದು, ತಯಾರಕರ ಪುಸ್ತಕದ ಮಿತಿಯೊಡನೆ ಹೋಲಿಸಬೇಕು. ಸಂದು ಮೀರಿದ್ದರೂ ಸಿಲಿಂಡರ್ ಕೆಟ್ಟಿತೆಂದು ಹೇಳಲಾಗದು. ಸವೆದದ್ದು ರಿಂಗೇ ಆಗಿರಬಹುದು. ಆದಕಾರಣ ಹೊಸ ರಿಂಗನ್ನು ಅದೇ ಸ್ಥಳದಲ್ಲಿಟ್ಟು ಮತ್ತೆ ಅಳೆಯಬೇಕು. ಈಗ ಸಂದು ಸರಿಯಾಗಿದ್ದರೆ ರಿಂಗನ್ನು ಕೊಂಡರೆ ಸಾಕಾದೀತು; ಇನ್ನೂ ಅಗಲವಾಗಿದ್ದರೆ ಮಾತ್ರ ಸಿಲಿಂಡರ್ ಸವೆದಿದೆ. ವ್ಯಾಸವು 0.1 ಮಿಲಿಮೀಟರ್ ಹೆಚ್ಚಿದರೆ ಸಂದು ಸುಮಾರು 0.31 ಮಿಲಿಮೀಟರ್ ಹೆಚ್ಚುವುದರಿಂದ, ದುಬಾರಿ ಉಪಕರಣವಿಲ್ಲದೆಯೇ ಸಣ್ಣ ಸವೆತವೂ ದೊಡ್ಡದಾಗಿ ತೋರುವುದು.

ಸಿಲಿಂಡರ್ ಸವೆದದ್ದು ನಿಜವೇ ಆದರೆ ಅದರ ಜಾತಿಯನ್ನು ವಿಚಾರಿಸತಕ್ಕದ್ದು. ಎರಕದ ಕಬ್ಬಿಣದ ಸಿಲಿಂಡರಾದರೆ, ದೊಡ್ಡ ಅಳತೆಯ ಪಿಸ್ಟನ್ ದೊರೆಯುವ ಪಕ್ಷದಲ್ಲಿ, ಬೋರು ಮಾಡಿಸಬಹುದು. ಕ್ರೋಮಿಯಂ ಅಥವಾ ನಿಕ್ಕಲ್ ಲೇಪವಿರುವ ಅಲ್ಯೂಮಿನಿಯಂ ಸಿಲಿಂಡರಿಗೆ ಆ ಉಪಾಯವು ಸಲ್ಲದು. ಲೇಪವು ಕಿತ್ತುಹೋದರೆ ಬದಲಾಯಿಸುವುದೇ ಮಾರ್ಗ.

ಅನುಭವಸ್ಥ ಮೇಸ್ತ್ರಿಯ ಕೈಗೆ ಅಳತೆಗೋಲು ಏತಕ್ಕೆ ಎಂದು ಕೆಲವರು ಕೇಳಬಹುದು. ಹಗ್ಗದ ಬಿಗುವಿನಿಂದಲೇ ಎಂಜಿನ್ನಿನ ಸ್ಥಿತಿಯನ್ನು ತಿಳಿಯಬಲ್ಲವರು ಇದ್ದಾರೆಂಬುದನ್ನು ನಾನು ಅಲ್ಲಗಳೆಯೆನು. ಆದರೆ ಕೈಯ ಅರಿವನ್ನು ಪುಸ್ತಕದಲ್ಲಿ ಬರೆದಿಡಲಾಗದು; ಹಣ ಕೊಡುವವನಿಗೆ ತೋರಿಸಲೂ ಆಗದು. ಅಳತೆಯು ಪ್ರಾಮಾಣಿಕನಾದ ಮೇಸ್ತ್ರಿಗೂ ರಕ್ಷಣೆಯೇ.

ಆದುದರಿಂದ ಗ್ರಾಮದ ಹಿರಿಯರಲ್ಲಿಯೂ ಜಮೀನುದಾರರಲ್ಲಿಯೂ ನನ್ನ ವಿಜ್ಞಾಪನೆ ಇಷ್ಟು. ಸಹಕಾರ ಸಂಘದಲ್ಲಾಗಲಿ, ನಾಲ್ಕಾರು ಮನೆಯವರು ಕೂಡಿಯಾಗಲಿ, ಒಂದು ಕಂಪ್ರೆಷನ್ ಗೇಜನ್ನೂ ಒಂದು ಫೀಲರ್ ಗೇಜನ್ನೂ ಕೊಂಡಿಡಿರಿ. ಯಂತ್ರವು ಹೊಸದಾಗಿ ಪಳಗಿದೊಡನೆ ಅದರ ಒತ್ತಡವನ್ನು ಬರೆದಿಟ್ಟು, ಪ್ರತಿ ವರ್ಷ ಮಳೆಗಾಲಕ್ಕೆ ಒಂದು ತಿಂಗಳು ಮುಂಚೆ ಅದೇ ಗೇಜಿನಿಂದ ಹೋಲಿಸಿರಿ. ಬದಲಾಯಿಸಿದ ಹಳೆಯ ಭಾಗವನ್ನು ಕೇಳಿ ಪಡೆಯಿರಿ. ಕಾರಣವು ತಿಳಿಯುವವರೆಗೆ ಹೊಸ ಪಿಸ್ಟನ್ನನ್ನು ಹಾಕಿಸಬೇಡಿರಿ. ಧಾನ್ಯವನ್ನು ಕೊಳಗದಿಂದಲೂ ಭೂಮಿಯನ್ನು ಸರಪಳಿಯಿಂದಲೂ ಅಳೆದು ವ್ಯವಹರಿಸಿದ ನಾವು ಎಂಜಿನ್ನನ್ನು ಮಾತ್ರ ಬಾಯಿಮಾತಿನಿಂದ ತೀರ್ಮಾನಿಸುವುದು ಯುಕ್ತವಲ್ಲ.