ಅರ್ಧ ಬೆಂದ ಗೇಮು, ಪೂರ್ತಿ ಖಾಲಿಯಾದ ಡೇಟಾ

(1/4)
ಹೋದ ಭಾನುವಾರ ಆನವಟ್ಟಿ ಬಸ್ ಸ್ಟ್ಯಾಂಡ್ ಹತ್ರ ಕೂತು ನಮ್ಮ ಕ್ಲಾಸಿನ ಒಬ್ಬ ಹೊಸ ಗೇಮ್ ಇಳಿಸಿಕೊಂಡ. ಯಾವ ಗೇಮ್, ಯಾರು ಅಂತ ಹೆಸರು ಬೇಡ. ಇಳಿಸೋಕೇ ಒಂದು ಜಿಬಿ ಮೇಲೆ ಚಿಲ್ಲರೆ. ಓಪನ್ ಮಾಡಿದ ತಕ್ಷಣ ಇನ್ನೂ 600 ಎಂಬಿ ಅಪ್‌ಡೇಟ್ ಬೇಕು ಅಂತು. ಅವನ ಪ್ಯಾಕು ದಿನಕ್ಕೆ ಒಂದೂವರೆ ಜಿಬಿ, ಅದು ಅಲ್ಲಿಗೇ ಮುಗೀತು. ನಾನು ಹಾಟ್‌ಸ್ಪಾಟ್ ಕೊಟ್ಟೆ. ಆಮೇಲೆ ಆಡಿದ್ದು ಮೂರೇ ನಿಮಿಷ. ಹೀರೋ ಗೋಡೆಯೊಳಗೆ ಅರ್ಧ ಹೂತು ನಿಂತ, ಫೋನು ಇಸ್ತ್ರಿಪೆಟ್ಟಿಗೆ ಥರ ಕಾಯ್ತು, ಆಪ್ ತಾನಾಗೇ ಕ್ಲೋಸ್. ಅವನಿಗೆ ಬೇಜಾರೇ ಇಲ್ಲ. "ಹೊಸ ಗೇಮ್ ಅಲ್ವೇನೋ, ಮುಂದಿನ ಅಪ್‌ಡೇಟಲ್ಲಿ ಸರಿ ಮಾಡ್ತಾರೆ, ಬಿಡು" ಅಂದ.

ಆ "ಬಿಡು" ನನ್ನ ತಲೆಯಿಂದ ಹೋಗ್ತಾನೇ ಇಲ್ಲ.

ಹಳೇ ಕಾಲದ ಗೇಮ್‌ಗಳೆಲ್ಲ ಚಿನ್ನ ಅಂತ ನಾನು ಹೇಳ್ತಿಲ್ಲ. 1982ರಲ್ಲಿ ಅಟಾರಿ ಕಂಪನಿ ಕ್ರಿಸ್‌ಮಸ್ ಮಾರಾಟಕ್ಕೆ ಅಂತ ಇ.ಟಿ. ಸಿನಿಮಾದ ಗೇಮನ್ನ ಸುಮಾರು ಐದೇ ವಾರದಲ್ಲಿ ಮಾಡಿಸಿತ್ತು. ಮಾರಾಟವಾಗದೆ ಉಳಿದ ಸರಕಲ್ಲಿ ಒಂದಷ್ಟನ್ನ ಮುಂದಿನ ವರ್ಷ ಅಮೆರಿಕದ ನ್ಯೂ ಮೆಕ್ಸಿಕೋದಲ್ಲಿ ಗುಂಡಿ ತೋಡಿ ಹೂತರು. 2014ರಲ್ಲಿ ಅದನ್ನ ಅಗೆದು ತೆಗೆದದ್ದೂ ಆಯ್ತು. ಅಂದ್ರೆ ಅವಸರ ಹೊಸದಲ್ಲ. ಆದರೆ ಆಗ ಕಾರ್ಟ್ರಿಡ್ಜ್ ಒಳಗಿನ ತಪ್ಪನ್ನ ಆಮೇಲೆ ತಿದ್ದೋಕೆ ದಾರಿ ಇರಲಿಲ್ಲ, ಮಾರಾಟ ಆಗದಿದ್ರೆ ಕಂಪನಿಯೇ ಹೂಳಬೇಕಿತ್ತು. ಈಗ ತಿದ್ದಬಹುದು. ತಿದ್ದೋ ಖರ್ಚಲ್ಲಿ ಒಂದು ಪಾಲು ನಮ್ಮ ಜೇಬಿಂದ ಹೋಗ್ತಿದೆ, ಅಷ್ಟೇ.

(2/4)
ಇದಕ್ಕೆ ದೊಡ್ಡ ಉದಾಹರಣೆ ಸೈಬರ್‌ಪಂಕ್ 2077. ನಮ್ಮಲ್ಲಿ ಹೆಚ್ಚಿನವರು ಅದನ್ನ ಯೂಟ್ಯೂಬಲ್ಲಿ ಮಾತ್ರ ನೋಡಿದೀವಿ, ಆದ್ರೂ ಕಥೆ ಗೊತ್ತಿರಬೇಕು. ಪೋಲೆಂಡಿನ ಸಿಡಿ ಪ್ರಾಜೆಕ್ಟ್ ರೆಡ್ ಇದನ್ನ 2012ರಲ್ಲೇ ಘೋಷಿಸಿತ್ತು. ಬಿಡುಗಡೆ ಮೊದಲು 2020ರ ಏಪ್ರಿಲ್ ಅಂದ್ರು, ಆಮೇಲೆ ಸೆಪ್ಟೆಂಬರ್, ಆಮೇಲೆ ನವೆಂಬರ್. ಕೊನೆಗೆ ಬಂದಿದ್ದು ಡಿಸೆಂಬರ್ 10ಕ್ಕೆ. ಅಷ್ಟೊತ್ತಿಗೆ 80 ಲಕ್ಷ ಜನ ಮುಂಗಡವಾಗಿ ಕೊಂಡಾಗಿತ್ತು.

ನನಗೆ ಸಿಟ್ಟು ಬರೋದು ಬಗ್ ಇತ್ತು ಅಂತಲ್ಲ. ಬಿಡುಗಡೆಗೆ ಮುಂಚೆ ವಿಮರ್ಶಕರಿಗೆ ಕೊಟ್ಟಿದ್ದು ಪಿಸಿ ಕಾಪಿ ಮಾತ್ರ. ಲಕ್ಷಾಂತರ ಜನರ ಮನೇಲಿದ್ದ ಹಳೇ ಪಿಎಸ್4, ಎಕ್ಸ್‌ಬಾಕ್ಸ್ ಒನ್‌ನಲ್ಲಿ ಅದು ಹೇಗೆ ಓಡುತ್ತೆ ಅಂತ ದುಡ್ಡು ಕೊಟ್ಟ ಮೇಲೇ ಗೊತ್ತಾಗಿದ್ದು. ತೋರಿಸಿದ್ದು ಒಳ್ಳೇ ಮೆಷಿನ್ನಲ್ಲಿ, ಮಾರಿದ್ದು ಎಲ್ಲ ಮೆಷಿನ್ನಿಗೆ. ಒಂದು ವಾರ ಕಳೆಯೋದ್ರೊಳಗೆ ಸೋನಿ ತನ್ನ ಅಂಗಡಿಯಿಂದ ಅದನ್ನ ತೆಗೆದು ಹಾಕಿ ದುಡ್ಡು ವಾಪಸ್ ಕೊಡ್ತೀವಿ ಅಂತು. ಅದು ಮತ್ತೆ ಆ ಅಂಗಡಿಗೆ ಬಂದಿದ್ದು 2021ರ ಜೂನಲ್ಲಿ. 2023ರಲ್ಲಿ 2.0 ಅಪ್‌ಡೇಟ್ ಬಂದ ಮೇಲೆ ಎಲ್ಲರೂ ಹೊಗಳಿದ್ರು. "ಕೊನೆಗೆ ಚೆನ್ನಾಯ್ತಲ್ಲ ಮಾರಾಯ" ಅಂತಾರೆ. ಹೌದು, ಮೂರು ವರ್ಷ ಆದ್ಮೇಲೆ. ಮೊದಲ ದಿನ ಪೂರ್ತಿ ರೇಟು ಕೊಟ್ಟವನು ಸಂಬಳ ಇಲ್ಲದೆ ಟೆಸ್ಟಿಂಗ್ ಮಾಡಿಕೊಟ್ಟ, ಕಾದವನಿಗೆ ಅದೇ ಗೇಮು ಚೆನ್ನಾಗಿ ಸಿಕ್ತು.

ಇಲ್ಲಿ ಕೋಡ್ ಬರೆಯೋರನ್ನ ಬೈಯೋದು ತಪ್ಪು. ಆ ಕಂಪನೀಲೂ ಕೊನೇ ವಾರಗಳಲ್ಲಿ ವಾರಕ್ಕೆ ಆರು ದಿನ ದುಡಿಸಿದ್ರು, ಅದೂ ಕಡ್ಡಾಯ ಮಾಡಲ್ಲ ಅಂತ ಮೊದಲು ಮಾತು ಕೊಟ್ಟು. ನಮ್ಮ ಚಿಕ್ಕಪ್ಪನ ಮಗ ಬೆಂಗಳೂರಲ್ಲಿ ಆಪ್ ಟೆಸ್ಟಿಂಗ್ ಕೆಲಸ ಮಾಡ್ತಾನೆ. ಅಣ್ಣನ್ನ ಕೇಳಿದೆ, "ನಿಮಗೆ ಈ ಬಗ್ ಎಲ್ಲ ಕಾಣಲ್ವಾ?" ಅಂತ. ನಕ್ಕುಬಿಟ್ಟ. "ಕಾಣ್ದೆ ಏನು? ಬರೆದು ಕೊಡ್ತೀವಿ. ಗೊತ್ತಿರೋ ಸಮಸ್ಯೆ, ಆಮೇಲೆ ನೋಡೋಣ ಅಂತ ವಾಪಸ್ ಬರುತ್ತೆ. ತಾರೀಕು ಮೊದಲೇ ಫಿಕ್ಸ್ ಆಗಿರುತ್ತೆ ಕಣೋ."

(3/4)
ತಾರೀಕು ಅಂದಾಗ ನಮ್ಮ ರಾಜ್ಯದ್ದೇ ಗೇಮ್ ನೆನಪಾಗುತ್ತೆ. ಫೌ-ಜಿ. ಬೆಂಗಳೂರಿನ ಎನ್‌ಕೋರ್ ಗೇಮ್ಸ್ ಮಾಡಿದ್ದು. 2020ರ ಸೆಪ್ಟೆಂಬರ್ 2ಕ್ಕೆ ಸರ್ಕಾರ ಪಬ್‌ಜಿ ಮೊಬೈಲ್ ಬ್ಯಾನ್ ಮಾಡ್ತು, 4ಕ್ಕೆ ಅಕ್ಷಯ್ ಕುಮಾರ್ ಫೌ-ಜಿ ಪೋಸ್ಟರ್ ಹಾಕಿದ್ರು. ಎರಡೇ ದಿನ! ಬಿಡುಗಡೆ 2021ರ ಜನವರಿ 26, ಗಣರಾಜ್ಯೋತ್ಸವದ ದಿನ. ಮೊದಲೇ ಹೆಸರು ನೋಂದಾಯಿಸಿದವರು 40 ಲಕ್ಷಕ್ಕೂ ಹೆಚ್ಚು. ಬಂದಿದ್ದು ಮಾತ್ರ ಗಲ್ವಾನ್ ಕಣಿವೆ ಕಥೆಯ ಒಬ್ಬನೇ ಆಡೋ ಭಾಗ, ಹೆಚ್ಚಾಗಿ ಕೈ-ಕೈ ಹೊಡೆದಾಟ. ಪಬ್‌ಜಿ ಜಾಗಕ್ಕೆ ಏನೋ ಬರುತ್ತೆ ಅಂತ ಕಾದವರಿಗೆ ಬೇಕಾಗಿದ್ದು ಗೆಳೆಯರ ಜೊತೆ ಆಡೋದು, ಅದೇ ಇರಲಿಲ್ಲ. ಟೀಮ್ ಡೆತ್‌ಮ್ಯಾಚ್ ಬೀಟಾ ಬಂದಿದ್ದು ಜೂನಲ್ಲಿ. ಕೆಲವೇ ದಿನದಲ್ಲಿ ಪ್ಲೇ ಸ್ಟೋರಲ್ಲಿ ರೇಟಿಂಗ್ ಜಾರಿತ್ತು.

ಆಗ ಎರಡು ಗುಂಪು. ಒಂದು, "ದೇಶದ ಗೇಮು, ಐದು ಸ್ಟಾರ್ ಕೊಡ್ರೋ" ಅಂತ ಆಡೋಕೂ ಮುಂಚೆ ಒತ್ತಿದವರು. ಇನ್ನೊಂದು, ಪಬ್‌ಜಿ ಹೋದ ಸಿಟ್ಟನ್ನ ಇದರ ಮೇಲೆ ತೀರಿಸಿಕೊಂಡು ಒಂದು ಸ್ಟಾರ್ ಒತ್ತಿದವರು. ನನ್ನ ಪ್ರಕಾರ ಇಬ್ಬರೂ ಆ ಹುಡುಗರಿಗೆ ಉಪಕಾರ ಮಾಡಲಿಲ್ಲ. ನಮ್ಮೋರು ಮಾಡಿದ್ದು ಅನ್ನೋ ಅಭಿಮಾನ ನನಗೂ ಇದೆ. ಅದಕ್ಕೇ ಹೇಳ್ತಿರೋದು: ಜನವರಿ 26ಕ್ಕೇ ಬರಲೇಬೇಕು ಅಂತ ಯಾರೂ ಹಠ ಹಿಡಿದಿರಲಿಲ್ಲ. ಜೂನ್ ತನಕ ಕಾಯಿಸಿದ್ದಿದ್ರೆ ಬೈಯ್ತಾ ಕಾಯ್ತಿದ್ವಿ, ಆದ್ರೆ ಕಾಯ್ತಿದ್ವಿ. ಮೊದಲ ದಿನ ಇಳಿಸಿ, ನೋಡಿ, ತೆಗೆದು ಹಾಕಿದವನು ಎರಡನೇ ಸಲ ಯಾಕೆ ಬರ್ತಾನೆ?

(4/4)
"ಹಾಗಾದ್ರೆ ಪೂರ್ತಿ ಆಗೋ ತನಕ ಹೊರಗೆ ಬಿಡಲೇಬಾರದಾ?" ಅಂತ ಕೇಳ್ತೀರ. ಬಿಡಲಿ. ನಮ್ಮ ಕಡೆ ಅಡಿಕೆನೂ ಹಣ್ಣಾಗೋ ತನಕ ಕಾಯದೆ ಹಸಿರಿದ್ದಾಗಲೇ ಕೊಯ್ತಾರೆ. ಹಸಿ ಅಡಿಕೆನ ಹಸಿ ಅಡಿಕೆ ರೇಟಿಗೆ ಕೊಟ್ರೆ ಯಾರೂ ಜಗಳಕ್ಕೆ ಬರಲ್ಲ. ಮೂಟೆಗೆ ಹಸಿ ತುಂಬಿ ರಾಶಿ ಇಡಿ ಅಂತ ಮಾರೋಕೆ ಹೋಗಿ ನೋಡಿ! ಬಾಲ್ಡುರ್ಸ್ ಗೇಟ್ 3 ಹಾಗೇ ಮಾಡ್ತು. 2020ರ ಅಕ್ಟೋಬರಲ್ಲಿ ಇದು ಇನ್ನೂ ಅರ್ಧ, ಅರ್ಲಿ ಆಕ್ಸೆಸ್ ಅಂತ ಹೇಳಿಯೇ ಕೊಟ್ರು, ಪೂರ್ತಿ ಗೇಮ್ 2023ರ ಆಗಸ್ಟಲ್ಲಿ. ಗೊತ್ತಿದ್ದೇ ಕೊಂಡವನಿಗೆ ಮೋಸ ಆಯ್ತು ಅನ್ಸಲ್ಲ.

ದುಡ್ಡು ಕೊಟ್ಟು ಕೊಂಡ್ರೆ ಸ್ವಲ್ಪ ರಕ್ಷಣೆ ಇದೆ. ಸ್ಟೀಮಲ್ಲಿ ಕೊಂಡು 14 ದಿನದೊಳಗೆ, ಎರಡು ಗಂಟೆಗಿಂತ ಕಡಿಮೆ ಆಡಿದ್ರೆ ದುಡ್ಡು ವಾಪಸ್ ಕೇಳಬಹುದು. ಪ್ಲೇ ಸ್ಟೋರಲ್ಲೂ 48 ಗಂಟೆಯೊಳಗೆ ಕೇಳೋಕೆ ಅವಕಾಶ ಇದೆ. ನಾವು ಇಳಿಸೋದು ಫ್ರೀ ಗೇಮು. ಫ್ರೀ ಅಂತ ನಾವೂ ಬಾಯಿ ಬಿಡಲ್ಲ. ಆದರೆ ಡೇಟಾಗೆ ರಿಫಂಡ್ ಇಲ್ಲ. ಜಾಗ ಇಲ್ಲ ಅಂತ ನಾವು ಡಿಲೀಟ್ ಮಾಡಿದ ಫೋಟೋನೂ ವಾಪಸ್ ಬರಲ್ಲ. ವೈಫೈ ಇರೋ ಮನೇಲಿ 600 ಎಂಬಿ ಲೆಕ್ಕಕ್ಕೇ ಇಲ್ಲ, ಇಲ್ಲಿ ಅದು ಸಂಜೆ ನೋಟ್ಸ್ ಪಿಡಿಎಫ್ ಇಳಿಸೋಕೆ ಆಗದೆ ಇರೋದು.

ಕಂಪನಿಗಳು ಒಂದು ಸಾಲು ಬರೆದ್ರೆ ಸಾಕು ಅನ್ಸುತ್ತೆ: 3 ಜಿಬಿ ರ‍್ಯಾಮ್ ಫೋನಲ್ಲಿ ಪರೀಕ್ಷೆ ಮಾಡಿದೀವಿ, ಇಲ್ಲ ಮಾಡಿಲ್ಲ. ಅವರು ಬರೆಯೋ ತನಕ ನಾವು ಬರೆಯೋಣ. ನಾನು ಈಗ ಹೊಸ ಗೇಮ್ ಬಂದ್ರೆ ಹತ್ತು ದಿನ ಮುಟ್ಟಲ್ಲ. ಇಳಿಸಿದ್ರೆ ರಿವ್ಯೂನಲ್ಲಿ ಫೋನ್ ಮಾಡೆಲ್, ರ‍್ಯಾಮ್ ಎಷ್ಟು, ಎಷ್ಟನೇ ನಿಮಿಷಕ್ಕೆ ನಿಂತು ಹೋಯ್ತು, ಒಟ್ಟು ಎಷ್ಟು ಎಂಬಿ ತಿಂತು ಅಂತ ಕನ್ನಡದಲ್ಲೇ ಹಾಕ್ತೀನಿ. "ಸೂಪರ್ ಬ್ರೋ", "ವೇಸ್ಟ್ ಗೇಮ್" ಅಂತ ಹಾಕಿದ್ರೆ ಇನ್ನೊಬ್ಬನಿಗೆ ಏನು ತಿಳಿಯುತ್ತೆ?

ಅಂದಹಾಗೆ ಆ ಭಾನುವಾರದ ಗೇಮಿಗೆ ನಿನ್ನೆ ಅಪ್‌ಡೇಟ್ ಬಂದಿದೆ. 480 ಎಂಬಿ. ನಮ್ಮವನು ಹಾಟ್‌ಸ್ಪಾಟ್ ಕೇಳಿ ಮೆಸೇಜ್ ಹಾಕಿದಾನೆ. ನೋಡಿದೀನಿ, ಇನ್ನೂ ರಿಪ್ಲೈ ಮಾಡಿಲ್ಲ.